ಸ್ನಾನದ ಮನೆಯ ಧಾರೆ ಕುಗ್ಗಿದಾಗ

ಮನೆ ಎಂದ ಮೇಲೆ ಒಂದಿಲ್ಲೊಂದು ಕೊರತೆ ತಲೆದೋರುವುದು ಸಹಜ. ಮಳೆಗಾಲದಲ್ಲಿ ಬಾಗಿಲು ಉಬ್ಬುತ್ತದೆ, ಮಾಳಿಗೆ ಸೋರುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ. ಆಗ ಗೃಹಸ್ಥರಲ್ಲಿ ಎರಡು ಬಗೆಯ ಸ್ವಭಾವಗಳನ್ನು ಕಾಣುತ್ತೇವೆ. ಕೆಲವರು ಕೊರತೆಯನ್ನು ಸಹಿಸಿಕೊಂಡು ಅದರೊಡನೆಯೇ ಬಾಳುತ್ತಾರೆ. ಮತ್ತೆ ಕೆಲವರು ಕಾರಣವನ್ನು ವಿಚಾರಿಸದೆ ಹಳೆಯದನ್ನು ಕಿತ್ತೆಸೆದು ಹೊಸದಕ್ಕೆ ಹಣ ಸುರಿಯುತ್ತಾರೆ. ಕೊರತೆಯ ಕಾರಣವನ್ನು ಸಮಾಧಾನದಿಂದ ಹುಡುಕುವ ಮೂರನೆಯ ದಾರಿಯೊಂದಿದೆ. ಅದಕ್ಕೆ ಹಣ ಬೇಕಿಲ್ಲ. ತಾಳ್ಮೆಯೂ ತುಸು ವಿಚಾರಶಕ್ತಿಯೂ ಸಾಕು. ಇತ್ತೀಚೆಗೆ ನಮ್ಮ ಮನೆಯ ಸ್ನಾನಗೃಹದಲ್ಲಿ ಷವರಿನ ಧಾರೆ ಕುಗ್ಗಿ ಹೋದಾಗ ಈ ಮೂರನೆಯ ದಾರಿಯನ್ನು ಹಿಡಿದೆವು. ಇದೇ ತೊಂದರೆ ಅನೇಕ ಮನೆಗಳಲ್ಲಿ ಇರುವುದನ್ನು ಕೇಳಿಬಲ್ಲೆನಾದ್ದರಿಂದ, ಕಂಡುಕೊಂಡ ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ನಮ್ಮದು ಧಾರವಾಡದ ಹಳೆಯ ಬಡಾವಣೆಯೊಂದರಲ್ಲಿ ಒಂದೇ ಅಂತಸ್ತಿನ ಮನೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ತಡೆದು ನಿಲ್ಲಿಸಿದ ಮಲಪ್ರಭೆಯ ನೀರು ನಮ್ಮ ಓಣಿಗೆ ಬರುತ್ತದೆ, ಆದರೆ ನಿತ್ಯ ಬರುವುದಿಲ್ಲ. ಬಂದ ದಿನ ನೆಲದೊಳಗಿನ ತೊಟ್ಟಿಯಲ್ಲಿ ತುಂಬಿಸಿಕೊಂಡು ಮಾಳಿಗೆಯ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಸಾಲದ ದಿನಗಳಲ್ಲಿ ಹಿತ್ತಲಿನ ಹಳೆಯ ಕೊಳವೆಬಾವಿ ಆಸರೆಯಾಗುತ್ತದೆ. ಹೀಗೆ ನದಿಯ ಮೆದುನೀರೂ ಕೊಳವೆಬಾವಿಯ ಗಡಸು ನೀರೂ ಒಂದೇ ಟ್ಯಾಂಕಿನಲ್ಲಿ ಸೇರುತ್ತವೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಟ್ಯಾಂಕು ಮಾಳಿಗೆಯ ಮೇಲಿದ್ದ ಮಾತ್ರಕ್ಕೆ ಷವರಿನಲ್ಲಿ ನೀರು ಬಿರುಸಾಗಿ ಬೀಳುವುದೆಂಬ ನಂಬಿಕೆ ಸಾಮಾನ್ಯವಾಗಿದೆ. ಲೆಕ್ಕ ಬೇರೆಯೇ ಇದೆ. ೧೦ ಮೀಟರು ಎತ್ತರದ ನೀರಿನ ಕಂಬವು ತನ್ನ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ೧ ಕಿಲೋಗ್ರಾಂ ಒತ್ತಡವನ್ನು ಉಂಟುಮಾಡುತ್ತದೆ. ನಮ್ಮ ಮನೆಯಲ್ಲಿ ಟ್ಯಾಂಕಿನ ತಳಕ್ಕೂ ಷವರಿನ ಬಾಯಿಗೂ ಇರುವ ಅಂತರ ಕೇವಲ ೨ ಮೀಟರು. ಅಂದರೆ ದೊರೆಯುವ ಒತ್ತಡ ಆ ೧ ಕಿಲೋಗ್ರಾಮಿನ ಐದನೆಯ ಒಂದು ಭಾಗ. ನೆಲದ ಮಟ್ಟಕ್ಕೆ ಸಮೀಪವಿರುವ ನಲ್ಲಿಯಲ್ಲಿ ಇದೇ ಟ್ಯಾಂಕಿನ ನೀರು ಚೆನ್ನಾಗಿ ಬರುತ್ತದೆ. ತಲೆಯ ಮೇಲಿನ ಷವರಿನಲ್ಲಿ ಸೊರಗುತ್ತದೆ. ಈ ಕಾರಣಕ್ಕೇ ಇಂದು ಅನೇಕ ಮನೆಗಳಲ್ಲಿ ಟ್ಯಾಂಕಿನ ಪಕ್ಕ ಒತ್ತಡ ಹೆಚ್ಚಿಸುವ ಸಣ್ಣ ಪಂಪನ್ನು ಕೂಡಿಸುವ ರೂಢಿ ಬಂದಿದೆ. ನಮ್ಮಲ್ಲಿಯೂ ಸ್ನಾನದ ಮನೆಯ ಸಾಲಿಗೆ ಮಾತ್ರ ಅಂತಹದೊಂದು ಪಂಪು ಇದೆ.

ಅದನ್ನು ಕೂಡಿಸಿದ್ದು ಭೋಗದ ಆಸೆಯಿಂದಲ್ಲ. ನನ್ನ ಸಹಧರ್ಮಿಣಿಗೆ ಎರಡೂ ಮೊಣಕಾಲುಗಳ ಶಸ್ತ್ರಚಿಕಿತ್ಸೆಯಾಗಿದೆ. ತಗ್ಗಾದ ಮಣೆಯ ಮೇಲೆ ಕುಳಿತು, ಬಾಗಿ, ಬಕೆಟ್ಟಿನಿಂದ ತಂಬಿಗೆಯಲ್ಲಿ ನೀರು ಎತ್ತಿ ಹಾಕಿಕೊಳ್ಳುವುದು ಆಕೆಗೆ ಸಾಧ್ಯವಿಲ್ಲ. ಎತ್ತರದ ಕುರ್ಚಿಯ ಮೇಲೆ ಕುಳಿತು ಷವರಿನ ಕೆಳಗೆ ಸ್ನಾನ ಮಾಡಿದರೆ ಯಾರ ನೆರವೂ ಬೇಕಿಲ್ಲ. ಸ್ನಾನವಾಗದೆ ಪೂಜೆಗೆ ಕೂಡುವ ಅಭ್ಯಾಸ ಆಕೆಗಿಲ್ಲ. ಪೂಜೆಯಾಗದೆ ಬಾಯಿಗೆ ಹನಿ ನೀರನ್ನೂ ಹಾಕುವುದಿಲ್ಲ. ಷವರಿನ ಧಾರೆ ಕುಗ್ಗಿದ ಮೇಲೆ ಸ್ನಾನಕ್ಕೆ ಸೊಸೆಯನ್ನು ಕರೆಯಬೇಕಾಯಿತು. ಸೊಸೆ ಸಂತೋಷದಿಂದಲೇ ಬರುತ್ತಿದ್ದಳು. ಆದರೆ ನಲವತ್ತು ವರ್ಷ ಮನೆಯವರೆಲ್ಲರ ಸೇವೆ ಮಾಡಿದ ಹೆಣ್ಣುಮಗಳಿಗೆ ಇನ್ನೊಬ್ಬರ ಕೈಯಿಂದ ಮೈ ತೊಳೆಸಿಕೊಳ್ಳುವುದು ಎಷ್ಟು ಸಂಕೋಚದ ವಿಷಯವೆಂಬುದನ್ನು ತಾಯಂದಿರು ಬಲ್ಲರು. ದಿನ ಬಿಟ್ಟು ದಿನ ಸ್ನಾನ ಮಾಡಿದರೆ ಸಾಕೆಂದೂ ಆಕೆ ಒಮ್ಮೆ ಮೆಲ್ಲನೆ ನುಡಿದಳು. ನೀರಿನ ಧಾರೆಯೊಂದಿಗೆ ಆಕೆಯ ಸ್ವಾತಂತ್ರ್ಯವೂ ಕುಗ್ಗುತ್ತಿರುವುದು ನನಗೆ ಸ್ಪಷ್ಟವಾಗಿ ಕಂಡಿತು.

ಕಾರಣ ಹೇಳುವವರಿಗೆ ಕೊರತೆಯಿರಲಿಲ್ಲ. ಪಕ್ಕದ ಮನೆಯವರು ಆ ದಿನಗಳಲ್ಲಿಯೇ ಹೊಸ ಕೊಳವೆಬಾವಿಯನ್ನು ಕೊರೆಯಿಸಿದ್ದರು. ಅಂದಿನಿಂದಲೇ ನಮ್ಮ ನೀರು ಕುಗ್ಗಿತೆಂದು ಮನೆಯೊಳಗೆ ಗುಸುಗುಸು ಎದ್ದಿತು. ನೋಡಲು ಬಂದ ಕೆಲಸಗಾರರು ಪಂಪಿಗೆ ಕೈಯಿಟ್ಟು, ಅದು ಸುಮ್ಮನಿರುವುದನ್ನು ಕಂಡು, ಇದು ಮುಗಿಯಿತು, ಇದರ ಎರಡರಷ್ಟು ಶಕ್ತಿಯ ಹೊಸದನ್ನು ಹಾಕಿಸಿರಿ ಎಂದರು. ಗೋಡೆಯೊಳಗಿನ ಪೈಪುಗಳನ್ನೆಲ್ಲ ಒಡೆದು ಬದಲಿಸಬೇಕೆಂಬುದು ನನ್ನ ಮಗನ ಅಭಿಪ್ರಾಯ. ಮೊದಲನೆಯ ಮಾತಿನಿಂದ ನೆರೆಯವರೊಡನೆ ಮನಸ್ತಾಪ, ಎರಡನೆಯದರಿಂದ ಸಾವಿರಾರು ರೂಪಾಯಿಗಳ ವೆಚ್ಚ, ಮೂರನೆಯದರಿಂದ ತಿಂಗಳೊಪ್ಪತ್ತಿನ ಧೂಳು. ಇವುಗಳಲ್ಲಿ ಯಾವುದನ್ನು ಒಪ್ಪುವುದಕ್ಕೂ ಮೊದಲು ಪರೀಕ್ಷೆ ಆಗತಕ್ಕದ್ದೆಂದು ನಿರ್ಧರಿಸಿದೆ.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ನಮಗೆ ಹದಿನೇಳನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹವನ್ನು ಪಾಠ ಹೇಳುತ್ತಿದ್ದರು. ಕಾರ್ಯ ಕಾರಣ ಸಂಬಂಧವನ್ನು ನಿಶ್ಚಯಿಸುವುದಕ್ಕೆ ಅನ್ವಯ ಮತ್ತು ವ್ಯತಿರೇಕವೆಂಬ ಎರಡು ಒರೆಗಲ್ಲುಗಳನ್ನು ತಾರ್ಕಿಕರು ಹೇಳುತ್ತಾರೆ. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಕಾರಣವಿಲ್ಲದಲ್ಲಿ ಕಾರ್ಯವೂ ಇರಬಾರದು. ಎರಡೂ ಕೂಡಿ ಬಂದರೆ ಮಾತ್ರ ಅದನ್ನು ಕಾರಣವೆಂದು ಒಪ್ಪಬಹುದು. ಕಾರ್ಯ ನಡೆಯುವಾಗ ಪಕ್ಕದಲ್ಲಿ ಸುಮ್ಮನೆ ಇದ್ದ ವಸ್ತುವನ್ನು ಕಾರಣವೆನ್ನಲಾಗದು. ಇದಕ್ಕೆ ಅವರು ಕುಂಬಾರನ ಕತ್ತೆಯ ದೃಷ್ಟಾಂತವನ್ನು ಕೊಡುತ್ತಾರೆ. ಮಣ್ಣು ಹೊತ್ತು ತಂದ ಕತ್ತೆ ಗಡಿಗೆಯಾಗುವ ಹೊತ್ತಿಗೆ ಅಲ್ಲಿಯೇ ನಿಂತಿರಬಹುದು. ಅದನ್ನು ಗಡಿಗೆಯ ಕಾರಣವೆಂದು ಯಾರೂ ಎಣಿಸುವುದಿಲ್ಲ, ಬೇರೆ ರೀತಿಯಲ್ಲಿ ಮಣ್ಣು ಬಂದರೂ ಗಡಿಗೆ ಆಗಿಯೇ ಆಗುತ್ತದೆ. ಪಕ್ಕದ ಮನೆಯ ಕೊಳವೆಬಾವಿ ನಮ್ಮ ಪಾಲಿಗೆ ಇಂತಹ ಕತ್ತೆಯಾಗಿತ್ತು. ಮಾಳಿಗೆಗೆ ಹತ್ತಿ ಮುಚ್ಚಳ ತೆರೆದು ನೋಡಿದರೆ ಟ್ಯಾಂಕು ಕಂಠಮಟ್ಟ ತುಂಬಿತ್ತು. ತುಂಬಿದ ಟ್ಯಾಂಕಿನಿಂದ ಷವರಿಗೆ ಇಳಿಯುವ ನೀರನ್ನು ನೆರೆಯವರ ಬಾವಿ ತಡೆಯಲಾರದು. ನೆರೆಯವರ ಮೇಲಿನ ಸಂಶಯ ಅಲ್ಲಿಗೇ ಕರಗಿತು. ಅವರ ಕಿವಿಗೆ ಬೀಳುವ ಮೊದಲೇ ಕರಗಿದ್ದು ಒಳ್ಳೆಯದಾಯಿತು.

ಪರೀಕ್ಷೆಗೆ ಮೊದಲು ಅಳತೆ ಬೇಕು. ನೀರು ಕಡಿಮೆ ಬರುತ್ತದೆ ಎಂಬ ಮಾತು ಅಳತೆಯಲ್ಲ. ೧೦ ಲೀಟರಿನ ಬಕೆಟ್ಟನ್ನು ಷವರಿನ ಕೆಳಗಿಟ್ಟು, ತುಂಬಲು ಹಿಡಿಯುವ ಕಾಲವನ್ನು ಗಡಿಯಾರದಲ್ಲಿ ನೋಡಿಕೊಂಡೆವು. ೮ ನಿಮಿಷ ಹಿಡಿಯಿತು. ಅಂದರೆ ನಿಮಿಷಕ್ಕೆ ಒಂದೂಕಾಲು ಲೀಟರು. ಅನಂತರ ಅದೇ ಸ್ನಾನದ ಮನೆಯ ಕೆಳಗಿನ ನಲ್ಲಿಯನ್ನು ತಿರುಗಿಸಿದೆವು. ತಿರುಗಿಸಿದ ಕೂಡಲೇ ಮಾಳಿಗೆಯ ಮೇಲೆ ಪಂಪು ಗುಂಯ್ಗುಟ್ಟಿತು. ಬಕೆಟ್ಟು ಒಂದು ನಿಮಿಷದೊಳಗೆ ತುಂಬಿತು. ನಲ್ಲಿಯನ್ನು ನಿಲ್ಲಿಸಿ ಷವರನ್ನು ತೆರೆದರೆ ಪಂಪು ಮೌನ. ಒಮ್ಮೊಮ್ಮೆ ಎದ್ದು ಮರುಕ್ಷಣವೇ ಅಡಗುತ್ತಿತ್ತು.

ವಿಚಾರದ ಮುಕ್ಕಾಲು ಭಾಗ ಇಲ್ಲಿಯೇ ಮುಗಿಯಿತೆನ್ನಬೇಕು. ನಲ್ಲಿಗೆ ನೀರು ಕೊಡುವ ಪಂಪು ಸತ್ತಿರಲಾರದು. ನಲ್ಲಿಯವರೆಗೆ ನೀರು ತರುವ ಪೈಪು ಕಟ್ಟಿರಲಾರದು. ಕೆಟ್ಟಿರುವುದು ನಲ್ಲಿಗೂ ಷವರಿನ ತುದಿಗೂ ನಡುವೆ ಇರುವ ಮೂರು ನಾಲ್ಕು ಅಡಿಗಳಲ್ಲಿ. ಷವರಿನ ಮುಖವನ್ನು ತಿರುಗಿಸಿ ಬಿಚ್ಚಿ, ಬರಿಯ ಪೈಪಿನಿಂದ ನೀರು ಬಿಟ್ಟೆವು. ಪಂಪು ತಾನಾಗಿ ಎದ್ದಿತು. ೧೦ ಲೀಟರಿನ ಬಕೆಟ್ಟು ೫೦ ಸೆಕೆಂಡಿನಲ್ಲಿ ತುಂಬಿತು. ಮುಖವನ್ನು ಮತ್ತೆ ಕೂಡಿಸಿದೊಡನೆ ಧಾರೆ ಸೊರಗಿತು, ಪಂಪು ಸುಮ್ಮನಾಯಿತು. ಅನ್ವಯವೂ ವ್ಯತಿರೇಕವೂ ಕೂಡಿಬಂದವು.

ಹಾಗಾದರೆ ಷವರು ಕಟ್ಟಿದರೆ ಪಂಪು ಏಕೆ ನಿಲ್ಲಬೇಕು? ಇದು ತಿಳಿಯತಕ್ಕ ಸಂಗತಿ. ಇಂತಹ ಅನೇಕ ಪಂಪುಗಳ ಒಳಗೆ ಹರಿವನ್ನು ಗುರುತಿಸುವ ಸ್ವಿಚ್ಚೊಂದು ಇರುತ್ತದೆ. ನೀರು ಹರಿಯತೊಡಗಿದಾಗ ಅದರೊಳಗಿನ ಅಯಸ್ಕಾಂತದ ತುಣುಕು ಮೇಲೇಳುತ್ತದೆ. ಎದ್ದಾಗ ವಿದ್ಯುತ್ತಿನ ಸಂಪರ್ಕ ಕೂಡಿ ಪಂಪು ಓಡುತ್ತದೆ. ಹರಿವು ಒಂದು ಮಿತಿಗಿಂತ ಕಡಿಮೆಯಾದರೆ ಆ ತುಣುಕು ಏಳುವುದಿಲ್ಲ, ಪಂಪಿಗೆ ಕರೆ ಮುಟ್ಟುವುದಿಲ್ಲ. ಷವರಿನ ರಂಧ್ರಗಳು ಮುಚ್ಚುತ್ತ ಬಂದಂತೆ ಹರಿವು ಆ ಮಿತಿಯ ಕೆಳಗೆ ಇಳಿಯಿತು. ಪಂಪಿನ ನೆರವೂ ತಪ್ಪಿತು. ಧಾರೆ ಇಮ್ಮಡಿಯಾಗಿ ಕುಗ್ಗಿತು. ಪಂಪಿನ ಮೌನ ನೀರಿನ ಕೊರತೆಗೆ ಮೂಲ ಕಾರಣವಾಗಿರದೆ, ಮೂಲ ಕಾರಣದ ಇನ್ನೊಂದು ಕಾರ್ಯವಾಗಿತ್ತು. ಎರಡರಷ್ಟು ಶಕ್ತಿಯ ಹೊಸ ಪಂಪನ್ನು ತಂದಿದ್ದರೂ ಅದೂ ಇದೇ ರೀತಿ ಕರೆಗೆ ಕಾಯುತ್ತ ಕುಳಿತುಕೊಳ್ಳುತ್ತಿತ್ತು. ಹರಿವಿಗೆ ಬದಲು ಒತ್ತಡದ ಇಳಿತವನ್ನು ಗುರುತಿಸಿ ಓಡುವ ಪಂಪುಗಳೂ ಉಂಟು. ಅವು ಇಂತಹ ಸಂದರ್ಭದಲ್ಲಿ ನಿಂತು ನಿಂತು ಓಡುತ್ತವೆ.

ಬಿಚ್ಚಿದ ಷವರಿನ ಮುಖದಲ್ಲಿ ಬೂದುಬಿಳುಪಿನ ಕಲ್ಲಿನಂತಹ ಪದರ ಕಟ್ಟಿತ್ತು. ಸಗಟಾಗಿ ಮೂರರಲ್ಲಿ ಎರಡು ಪಾಲು ರಂಧ್ರಗಳು ಮುಚ್ಚಿಹೋಗಿದ್ದವು. ಕೊಳವೆಬಾವಿಯ ನೀರು ಬಂಡೆಗಳ ಸಂದಿನಲ್ಲಿ ಇರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ನೀರನ್ನು ಕಾಯಿಸಿದಾಗ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟು ಒಡೆದು, ಕರಗದ ಕಾರ್ಬೊನೇಟಾಗಿ ಕೂಡುತ್ತದೆ. ನಮ್ಮ ಹಿರಿಯರ ಕಾಲದಲ್ಲಿ ಹಂಡೆಯ ಒಳಮೈಗೆ ಹತ್ತುತ್ತಿದ್ದ ಬಿಳಿಯ ಹರಳು ಇದೇ. ಹಂಡೆಯ ಬಾಯಿ ದೊಡ್ಡದು, ಹರಳನ್ನು ತಿಕ್ಕಿ ತೆಗೆಯಬಹುದಿತ್ತು. ಷವರಿನ ರಂಧ್ರ ಸೂಜಿಯ ಮೊನೆಯಷ್ಟು. ಕುಡಿಯುವ ನೀರಿನ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಂ ಒಳಗಿರುವುದು ಲೇಸೆಂದೂ, ಬೇರೆ ಆಧಾರವಿಲ್ಲದಿದ್ದಲ್ಲಿ ೬೦೦ರವರೆಗೆ ಒಪ್ಪಬಹುದೆಂದೂ ಭಾರತೀಯ ಮಾನಕ ಸಂಸ್ಥೆಯ ೨೦೧೨ರ ಮಾನದಂಡ ಹೇಳುತ್ತದೆ. ಗಡಸುತನ ಹೆಚ್ಚಿದಷ್ಟೂ ಷವರಿನ ಮುಖವನ್ನು ಹೆಚ್ಚು ಸಲ ತೊಳೆಯಬೇಕಾಗುತ್ತದೆ.

ಪರಿಹಾರ ಅಡುಗೆಮನೆಯಲ್ಲಿಯೇ ಇದೆ. ಈ ಹರಳು ಹುಳಿಗೆ ಕರಗುತ್ತದೆ. ಸಮಪಾಲು ವಿನೆಗರು ಮತ್ತು ನೀರು ಕೂಡಿಸಿದ ಪಾತ್ರೆಯಲ್ಲಿ, ಅಥವಾ ಅಂಗಡಿಯಲ್ಲಿ ದೊರೆಯುವ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ಷವರಿನ ಮುಖವನ್ನು ಎರಡು ಮೂರು ತಾಸು ಮುಳುಗಿಸಿಡಬೇಕು. ಸಣ್ಣ ಗುಳ್ಳೆಗಳು ಏಳುತ್ತವೆ. ಹರಳು ಕರಗುತ್ತಿರುವುದರ ಗುರುತು ಅದು. ಅನಂತರ ಹಳೆಯ ಹಲ್ಲುಜ್ಜುವ ಕುಂಚದಿಂದ ತಿಕ್ಕಿ, ರಂಧ್ರಗಳನ್ನು ಮರದ ಕಡ್ಡಿಯಿಂದ ಬಿಡಿಸಿ ತೊಳೆಯಬೇಕು. ಕಬ್ಬಿಣದ ಸೂಜಿಯಿಂದ ರಂಧ್ರ ಅಗಲವಾಗಿ ಧಾರೆ ಓರೆಯಾಗುತ್ತದೆ. ಪಾಯಖಾನೆ ತೊಳೆಯುವ ತೀಕ್ಷ್ಣ ಆಮ್ಲ ಲೋಹದ ಹೊಳಪನ್ನು ತಿನ್ನುತ್ತದೆ, ಅದು ಬೇಡ. ಯಾವ ಹುಳಿಯನ್ನಾಗಲಿ ಬ್ಲೀಚಿಂಗ್ ದ್ರಾವಣದೊಡನೆ ಎಂದಿಗೂ ಬೆರೆಸಬಾರದು. ಬೆರೆಸಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಏಳುತ್ತದೆ.

ತೊಳೆದ ಮುಖವನ್ನು ಕೂಡಿಸಿದಾಗ ಬಕೆಟ್ಟು ೭೫ ಸೆಕೆಂಡಿನಲ್ಲಿ ತುಂಬಿತು. ಸಾಲದೆಂದಲ್ಲ, ಆದರೆ ಬರಿಯ ಪೈಪಿಗೂ ಪಂಪು ಹೊಸದಿದ್ದಾಗಿನ ಬಿರುಸು ಇಲ್ಲವೆಂದು ಸಹಧರ್ಮಿಣಿ ನುಡಿದಳು. ಆಕೆಯ ಮಾತು ಸರಿಯಾಗಿತ್ತು. ಪಂಪಿನ ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲಿಯೇ ನಿಲ್ಲಿಸಿ, ಟ್ಯಾಂಕಿನ ವಾಲ್ವನ್ನು ಮುಚ್ಚಿ, ಪಂಪಿನ ಒಳಬಾಯಿಯಲ್ಲಿರುವ ಜಾಲರಿಯನ್ನು ಬಿಚ್ಚಿಸಿದೆ. ಟ್ಯಾಂಕಿನ ತಳದ ಕೆಸರೂ ಪಾಚಿಯೂ ಅದರ ಅರ್ಧ ಭಾಗವನ್ನು ಆವರಿಸಿದ್ದವು. ಅದನ್ನು ತೊಳೆದು ಕೂಡಿಸಿದ ಮೇಲೆ ಷವರಿನಿಂದಲೇ ಬಕೆಟ್ಟು ೬೦ ಸೆಕೆಂಡಿನಲ್ಲಿ ತುಂಬಿತು. ನಿಮಿಷಕ್ಕೆ ೧೦ ಲೀಟರು. ಒಂದು ಕೊರತೆಗೆ ಒಂದೇ ಕಾರಣವಿರಬೇಕೆಂಬ ನಿಯಮವಿಲ್ಲ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಅಳೆದು ನೋಡಿದರೆ ಯಾವ ಕಾರಣದ ಪಾಲು ಎಷ್ಟೆಂಬುದು ತಾನೇ ತಿಳಿಯುತ್ತದೆ. ಎಲ್ಲವನ್ನೂ ಒಮ್ಮೆಲೇ ಬದಲಿಸಿದವರಿಗೆ ಈ ತಿಳಿವಳಿಕೆ ದೊರೆಯುವುದಿಲ್ಲ.

ಪ್ರತಿ ಮನೆಯಲ್ಲಿಯೂ ಕಾರಣ ಇದೇ ಇರಬೇಕೆಂದಿಲ್ಲವಾದ್ದರಿಂದ ಇನ್ನು ಕೆಲವು ಗುರುತುಗಳನ್ನು ಹೇಳುತ್ತೇನೆ. ಮನೆಯ ನಲ್ಲಿಗಳೆಲ್ಲ ಸೊರಗಿದ್ದರೆ ದೋಷ ಟ್ಯಾಂಕಿನ ಬಳಿ ಇದೆಯೆಂದು ತಿಳಿಯಬೇಕು. ಅಲ್ಲಿಯ ಹಳೆಯ ಗೇಟ್ ವಾಲ್ವಿನ ಚಕ್ರ ತಿರುಗುತ್ತಿದ್ದರೂ ಒಳಗಿನ ತಟ್ಟೆ ಕಳಚಿ ದಾರಿಗೆ ಅಡ್ಡವಾಗಿ ಕೂಡುವುದುಂಟು. ಹೊರಗಿನಿಂದ ನೋಡಿದರೆ ವಾಲ್ವು ತೆರೆದಂತೆಯೇ ಕಾಣುತ್ತದೆ. ತಣ್ಣೀರು ಚೆನ್ನಾಗಿದ್ದು ಬಿಸಿನೀರು ಮಾತ್ರ ಸೊರಗಿದ್ದರೆ ಗೀಸರಿನ ಒಳಬಾಯಿಯ ವಾಲ್ವು, ಅದರ ಪೈಪುಗಳಲ್ಲಿ ಕಟ್ಟಿದ ಹರಳು ಇವುಗಳನ್ನು ನೋಡಿಸಬೇಕು. ಟ್ಯಾಂಕು ಒಮ್ಮೆ ಪೂರ್ಣ ಬರಿದಾಗಿ ಮತ್ತೆ ತುಂಬಿದ ಮೇಲೆ ತೊಂದರೆ ಮೊದಲಾಗಿದ್ದರೆ ಪೈಪಿನ ಏರಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಕೆಳಗಿನ ನಲ್ಲಿಗಳನ್ನೆಲ್ಲ ಒಟ್ಟಿಗೆ ತೆರೆದು ಗಾಳಿ ಹೋಗಲು ಬಿಡಬೇಕು. ಪಂಪು ಗುಂಯ್ಗುಟ್ಟಿಯೂ ತಿರುಗದಿದ್ದರೆ ಅದರ ಕೆಪಾಸಿಟರು ಸೋತಿರುವುದು ಸಾಮಾನ್ಯ. ಅದರ ಬೆಲೆ ಪಂಪಿನ ಬೆಲೆಯ ಅತ್ಯಲ್ಪ ಭಾಗ. ನೀರು ಉಳಿಸಲೆಂದು ಷವರಿನ ಕುತ್ತಿಗೆಯೊಳಗೆ ಕೂಡಿಸಿದ ಸಣ್ಣ ಬಿಲ್ಲೆಯಲ್ಲಿ ಮರಳಿನ ಕಣ ಸಿಕ್ಕರೂ ಧಾರೆ ಕುಗ್ಗುತ್ತದೆ. ಹಳೆಯ ಕಬ್ಬಿಣದ ಪೈಪುಗಳಿರುವ ಮನೆಗಳಲ್ಲಿ ಒಳಗೆ ತುಕ್ಕು ಬೆಳೆದು ದಾರಿ ಕಿರಿದಾಗುತ್ತದೆ. ಒಳವ್ಯಾಸ ಅರ್ಧವಾದರೆ ನೀರಿನ ದಾರಿ ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ. ಗೋಡೆ ಒಡೆಯುವುದು ಅನಿವಾರ್ಯವಾಗುವುದು ಬಹುಮಟ್ಟಿಗೆ ಇಂತಹ ಮನೆಗಳಲ್ಲಿ ಮಾತ್ರ.

ಎರಡು ಎಚ್ಚರಿಕೆಗಳನ್ನು ಹೇಳದೆ ಬಿಡಲಾಗದು. ನೀರೂ ವಿದ್ಯುತ್ತೂ ಕೂಡುವಲ್ಲಿ ಧೈರ್ಯ ಸಲ್ಲದು. ಜಾಲರಿ ತೊಳೆಯುವುದು ಮನೆಯವರ ಕೆಲಸ. ತಂತಿ ಮುಟ್ಟುವುದು ಬಲ್ಲ ಕುಶಲಕರ್ಮಿಯ ಕೆಲಸ. ಪಂಪಿಗೂ ಗೀಸರಿಗೂ ಸರಿಯಾದ ಭೂಸಂಪರ್ಕವಿರುವುದನ್ನೂ, ಸೋರಿಕೆಯಾದ ವಿದ್ಯುತ್ತನ್ನು ಕಡಿದುಹಾಕುವ ಸಾಧನ ಕೆಲಸ ಮಾಡುತ್ತಿರುವುದನ್ನೂ ಪರೀಕ್ಷಿಸಿಕೊಳ್ಳಬೇಕು. ಇನ್ನೊಂದು ಮಾತೆಂದರೆ, ಒತ್ತಡದ ಆಸೆಯಿಂದ ಪಂಪನ್ನು ನೇರವಾಗಿ ಬೀದಿಯ ಕೊಳಾಯಿಗೆ ಕೂಡಿಸಬಾರದು. ಅದು ನಿಯಮಬಾಹಿರ ಮಾತ್ರವಲ್ಲ, ಓಣಿಯವರ ಪಾಲಿನ ನೀರನ್ನು ಸೆಳೆದಂತೆ. ಕೊಳಾಯಿಯ ಬಿರುಕಿನ ಬಳಿ ಚರಂಡಿ ಇದ್ದರೆ ಆ ಕೊಳೆಯೂ ಸೆಳೆತಕ್ಕೆ ಸಿಕ್ಕಿ ಎಲ್ಲರ ಮನೆಗೆ ಬರುತ್ತದೆ.

ದೊಡ್ಡ ಪಂಪಿನ ವಿಚಾರವಾಗಿಯೂ ಒಂದು ಲೆಕ್ಕ ಹೇಳಬೇಕು. ನಿಮಿಷಕ್ಕೆ ೧೦ ಲೀಟರಿನ ಷವರಿನಲ್ಲಿ ೫ ನಿಮಿಷ ಸ್ನಾನ ಮಾಡಿದರೆ ೫೦ ಲೀಟರು. ೨೦ ಲೀಟರಿನ ಬಿರುಸಿನಲ್ಲಿ ೧೦ ನಿಮಿಷ ನಿಂತರೆ ೨೦೦ ಲೀಟರು. ನಗರದ ನೀರಿನ ಯೋಜನೆಗಳಲ್ಲಿ ಒಬ್ಬ ವ್ಯಕ್ತಿಯ ದಿನದ ಎಲ್ಲ ಬಳಕೆಗೂ ಎಣಿಸುವ ಪ್ರಮಾಣ ೧೩೫ ಲೀಟರು. ನದಿಯ ನೀರು ನಿತ್ಯ ಬಾರದ ಊರಿನಲ್ಲಿ ಬಿರುಸಿಗೊಂದು ಮಿತಿ ಇರಬೇಕು. ಸಾಕಾಗುವಷ್ಟು ಧಾರೆ ದೊರೆತ ಮೇಲೆ ಇನ್ನಷ್ಟು ಶಕ್ತಿಯನ್ನು ಕೂಡಿಸಿದರೆ ಪೈಪಿನ ಕೀಲುಗಳೂ ಸೋರತೊಡಗುತ್ತವೆ, ಟ್ಯಾಂಕೂ ಬೇಗ ಬರಿದಾಗುತ್ತದೆ. ಬರಿದಾದ ಟ್ಯಾಂಕಿನ ಮೇಲೆ ಒಣಗಿ ಓಡಿದ ಪಂಪಿನ ಸೀಲು ಕೆಡುತ್ತದೆ.

ಈಗ ನಮ್ಮ ಮನೆಯಲ್ಲಿ ಮುಂಜಾನೆ ಸ್ನಾನದ ಮನೆಯ ಬಾಗಿಲು ಮುಚ್ಚಿದ ಮೇಲೆ ಸೊಸೆಯನ್ನು ಕರೆಯುವ ಧ್ವನಿ ಕೇಳಿಸುವುದಿಲ್ಲ. ಪೂಜೆ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಪಂಪಿಗೆ ಎತ್ತಿಟ್ಟಿದ್ದ ಹಣದಲ್ಲಿ ಒಂದು ಪಾಲು ಸ್ನಾನದ ಮನೆಯ ಗೋಡೆಗೆ ಗಟ್ಟಿಯಾದ ಹಿಡಿಕೆಗಳನ್ನು ಕೂಡಿಸುವುದಕ್ಕೆ ಹೋಯಿತು. ವಯಸ್ಸಾದವರಿರುವ ಪ್ರತಿ ಮನೆಯಲ್ಲಿಯೂ ಅವು ಇರತಕ್ಕವು.

ಓದುಗ ಬಂಧುಗಳು ತಮ್ಮ ಮನೆಯಲ್ಲಿ ಇದೊಂದು ಕ್ರಮವನ್ನು ಇರಿಸಿಕೊಳ್ಳಲೆಂದು ನನ್ನ ಬಿನ್ನಹ. ಧಾರೆ ಚೆನ್ನಾಗಿರುವ ದಿನವೇ ೧೦ ಲೀಟರಿನ ಬಕೆಟ್ಟು ತುಂಬುವ ಕಾಲವನ್ನು ಅಳೆದು, ತಾರೀಖಿನೊಡನೆ ಪಂಚಾಂಗದ ಹಾಳೆಯ ಮೇಲೆ ಬರೆದಿಡಿರಿ. ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಗಡಸು ನೀರಿನ ಊರಾದರೆ ಎರಡು ತಿಂಗಳಿಗೊಮ್ಮೆ ಷವರಿನ ಮುಖವನ್ನು ಹುಳಿಯಲ್ಲಿ ನೆನೆಯಿಡಿರಿ. ಆರು ತಿಂಗಳಿಗೊಮ್ಮೆ ಟ್ಯಾಂಕಿನ ತಳವನ್ನೂ ಪಂಪಿನ ಜಾಲರಿಯನ್ನೂ ತೊಳೆಯಿಸಿರಿ. ಮನೆಯ ಮಕ್ಕಳ ಕೈಯಲ್ಲಿ ಗಡಿಯಾರ ಕೊಟ್ಟು ಈ ಅಳತೆಯನ್ನು ಅವರಿಂದಲೇ ಮಾಡಿಸಿದರೆ ಇನ್ನೂ ಲೇಸು. ನಮ್ಮ ಮೊಮ್ಮಗಳು ಈ ತಿಂಗಳ ಅಳತೆಯನ್ನು ೬೨ ಸೆಕೆಂಡು ಎಂದು ಬರೆದಿಟ್ಟಿದ್ದಾಳೆ.